ಫೋಟೋದಲ್ಲಿ ಜನ ಬೇಡ

ನಮ್ಮ ಗುಂಪಿಗೆ ನಿಯಮಗಳು ಮೂರೇ. ರಾಜಕೀಯ ಬೇಡ, ಬೆಳಗಾಗೆದ್ದು ಗುಡ್ ಮಾರ್ನಿಂಗ್ ಹೂವು ಬೇಡ, ಫೋಟೋದಲ್ಲಿ ಜನ ಬೇಡ. ಮೊದಲೆರಡನ್ನು ಯಾರೂ ಪಾಲಿಸುವುದಿಲ್ಲ. ಮೂರನೆಯದನ್ನು ಮಾತ್ರ ಎಂಟು ವರ್ಷ ನಾನೇ ಮುಂದೆ ನಿಂತು ಪಾಲಿಸಿದೆ, ಬೇರೆಯವರೂ ಪಾಲಿಸುವ ಹಾಗೆ ಮಾಡಿದೆ.

ಗುಂಪು ಎಂದರೆ ಹಳೆಯ ಯುದ್ಧವಿಮಾನಗಳ ಹುಚ್ಚಿರುವವರ ವಾಟ್ಸ್ಯಾಪ್ ಗುಂಪು. ದೆಹಲಿ, ನೋಯ್ಡಾ, ಗಾಜಿಯಾಬಾದ್‌ಗಳಲ್ಲಿ ಚದುರಿಕೊಂಡಿರುವ ಐವತ್ತು ಅರವತ್ತು ಜನ, ಮುಕ್ಕಾಲುಪಾಲು ನಿವೃತ್ತರು. ಯಾರದೋ ಮನೆಯ ಆಲ್ಬಮ್ಮಿನಲ್ಲಿ ಒಂದು ಹಂಟರ್ ವಿಮಾನದ ಫೋಟೋ ಸಿಕ್ಕಿತೆಂದರೆ ನಮಗೆ ಅವತ್ತು ಹಬ್ಬ. ಬಾಲದ ಹತ್ತಿರ ಬರೆದ ನಂಬರನ್ನು ಮೊದಲು ಓದಬೇಕು. ಆಮೇಲೆ ಆ ನಂಬರಿನ ವಿಮಾನ ಎಲ್ಲೆಲ್ಲಿ ಹಾರಿತು, ಕೊನೆಗೆ ಏನಾಯಿತು, ಗುಜರಿಗೆ ಹೋಯಿತೇ ಅಥವಾ ಯಾವುದಾದರೂ ಕಾಲೇಜಿನ ಗೇಟಿನೆದುರು ಕಂಬದ ಮೇಲೆ ಕೂತು ಪಾರಿವಾಳ ಸಾಕುತ್ತಿದೆಯೇ ಎಂದೆಲ್ಲ ಪತ್ತೆ ಹಚ್ಚಬೇಕು. ಒಂದು ವಿಮಾನದ ಮೂಗಿಗೆ ಹಳದಿ ಬಣ್ಣವಿತ್ತೋ ಕೆಂಪೋ ಎಂದು ಕಪ್ಪುಬಿಳುಪು ಫೋಟೋ ಇಟ್ಟುಕೊಂಡು ಹದಿನೈದು ದಿನ ಕಚ್ಚಾಡಿದವರು ನಾವು. ನಗುವವರು ನಗಲಿ.

ಇದರಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಜೀವಮಾನವೆಲ್ಲ ಕಡತ ನೋಡಿ, ನಿವೃತ್ತಳಾಗಿ, ಈಗ ಇಂದಿರಾಪುರಂನ ಹದಿನಾಲ್ಕನೇ ಮಹಡಿಯಲ್ಲಿ ಮಗಳ ಜೊತೆ ಇದ್ದೇನೆ. ಕಡತ ನೋಡಿದ ಕೈ ಸುಮ್ಮನಿರುತ್ತದೆಯೇ? ಗುಂಪಿನ ಫೋಟೋ ಸಂಗ್ರಹ ಸಂತೆಯ ಹಾಗೆ ಬಿದ್ದಿದ್ದನ್ನು ನೋಡಲಾರದೆ ನಾನೇ ಜವಾಬ್ದಾರಿ ತಗೊಂಡೆ. ಸದಸ್ಯರು ತಮ್ಮ ಹಳೇ ಫೋಟೋಗಳನ್ನು ಓಖ್ಲಾದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿರುವ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಕೊಡುವುದು, ಅವರು ಸ್ಕ್ಯಾನ್ ಮಾಡಿ ನನಗೆ ಕಳಿಸುವುದು, ಫೋಟೋ ಯಾರದೋ ಅವರಿಗೆ ವಾಪಸ್ಸು. ನಾನು ಕಂಪ್ಯೂಟರಿನಲ್ಲಿ ಅದರ ಅಂಚು ಕತ್ತರಿಸಿ, ಕೆಳಗೆ ನಾಲ್ಕು ವಿವರ ತುಂಬಿ ಇಡುವುದು: ವಿಮಾನದ ಮಾದರಿ, ನಂಬರು, ಜಾಗ, ಕಾಲ. ಜನರಿಗೆ ಅಂತ ಕಾಲಂ ಇರಲಿಲ್ಲ.

ಅಂಚು ಕತ್ತರಿಸುವುದು ಎಂದೆನಲ್ಲ, ಅದೇ ಮೂರನೇ ನಿಯಮ. ಜನ ಕಳಿಸುವ ಫೋಟೋ ಹೇಗಿರುತ್ತವೆ ಅಂತೀರಿ? ಯಾರದೋ ಚಿಕ್ಕಪ್ಪ ಸೊಂಟಕ್ಕೆ ಕೈಯಿಟ್ಟು ಠೀವಿಯಿಂದ ನಿಂತಿರುತ್ತಾನೆ, ಸರಿಯಾಗಿ ನಂಬರಿಗೇ ಅಡ್ಡ. ಇನ್ನೊಬ್ಬರು ಹೆಂಡತಿ ಮಕ್ಕಳನ್ನು ರೆಕ್ಕೆಯ ಕೆಳಗೆ ಪಿಕ್ನಿಕ್ಕಿಗೆ ಕೂರಿಸಿದ ಹಾಗೆ ಕೂರಿಸಿರುತ್ತಾರೆ. ನಾನು ದಾಕ್ಷಿಣ್ಯವಿಲ್ಲದೆ ಎಲ್ಲರನ್ನೂ ಕತ್ತರಿಸಿ ಹಾಕುತ್ತಿದ್ದೆ. ಕತ್ತರಿಸಿದ್ದನ್ನೇ ಉಳಿಸಿ, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೂಲವನ್ನು ಅಳಿಸುತ್ತಿದ್ದೆ. ಗುಂಪಿನಲ್ಲಿ ನನಗೆ 'ಕೈಂಚಿ ದೀದಿ' ಎಂದು ಹೆಸರು ಬಿತ್ತು. ಕತ್ತರಿ ಅಕ್ಕ! ಆ ಹೆಸರು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನನಗೆ ವಿಮಾನದ ಹುಚ್ಚು ಹಿಡಿಸಿದ್ದು ಅಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು. ಅಪ್ಪ ಮೈಸೂರಿನ ಕಡೆಯಿಂದ ಬಂದು ದೆಹಲಿಯಲ್ಲಿ ಗುಮಾಸ್ತರಾಗಿದ್ದರು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಮೇಲೆ ಚಾವಣಿ. ಅಣ್ಣ ನನ್ನನ್ನು ಚಾವಣಿಗೆ ಕರೆದೊಯ್ದು ನನ್ನ ಕಣ್ಣು ಮುಚ್ಚಿ, ಪಾಲಂ ವಿಮಾನ ನಿಲ್ದಾಣದ ಕಡೆಯಿಂದ ಬರುವ ವಿಮಾನದ ಸದ್ದು ಕೇಳಿಯೇ ಅದು ಯಾವುದೆಂದು ಹೇಳಬೇಕು ಎನ್ನುತ್ತಿದ್ದ. ತಪ್ಪಾದರೆ ತಲೆಗೊಂದು ಮೊಟಕು. ಡಕೋಟಾ ವಿಮಾನವನ್ನು ಪ್ಯಾಕೆಟ್ ವಿಮಾನ ಎಂದು ಹೇಳಿ ನಾನು ತಿಂದ ಮೊಟಕುಗಳಿಗೆ ಲೆಕ್ಕವಿಲ್ಲ.

ಹದಿನೆಂಟಕ್ಕೆ ಅವನು ವಿಮಾನಸೇನೆಗೆ ಸೇರಿದ. ಪೈಲಟ್ ಅಲ್ಲ, ನೆಲದ ಮೇಲೆ ನಿಂತು ವಿಮಾನ ರಿಪೇರಿ ಮಾಡುವ ಕೆಲಸ. ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನಗಳಿದ್ದವು, ಪಕ್ಕದಲ್ಲಿ ನಿಂತರೆ ರೆಕ್ಕೆ ಎದೆಮಟ್ಟಕ್ಕೆ ಬರುವಷ್ಟೇ ಎತ್ತರ. ಅವು ಅವನ ಪಾಲಿಗೆ ಬಂದವು. ರಜೆಗೆ ಬಂದಾಗ ಕೈಯಿಂದ ಸೀಮೆಎಣ್ಣೆಯಂಥ ವಾಸನೆ ಹೋಗುತ್ತಲೇ ಇರಲಿಲ್ಲ. ಅಮ್ಮ ಸೀಗೆಪುಡಿ ಹಾಕಿ ಉಜ್ಜಿಸಿ ಆಮೇಲೆ ಎಲೆ ಹಾಕುತ್ತಿದ್ದಳು. ಅವನ ಬಲಗೈ ಮಣಿಕಟ್ಟಿಗೆ ಯಾವಾಗಲೂ ಒಂದು ಒದ್ದೆ ಕರ್ಚೀಫು ಸುತ್ತಿರುತ್ತಿತ್ತು. ಬೆವರು ಅಂಗೈಗೆ ಇಳಿದರೆ ಸ್ಪ್ಯಾನರ್ ಜಾರುತ್ತದೆ ಎಂದು ರೂಢಿಸಿಕೊಂಡಿದ್ದ ಅಭ್ಯಾಸ. ಮನೆಯಲ್ಲಿ ಸ್ಪ್ಯಾನರೂ ಇಲ್ಲ, ಏನೂ ಇಲ್ಲ. ಆದರೂ ಕರ್ಚೀಫು.

ಇಪ್ಪತ್ತಾರು ತುಂಬುವ ಮೊದಲೇ ಕಾಮಾಲೆಯಾಗಿ ದೂರದ ಸೇನಾ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ತಂತಿ ಬಂದಾಗ ನಾನು ಶಾಲೆಯಲ್ಲಿದ್ದೆ. ಅಪ್ಪ ಹೋಗಿ ಒಂದು ಟ್ರಂಕು ತಗೊಂಡು ಬಂದರು.

ಮನೆಯಲ್ಲಿ ಉಳಿದದ್ದು ಅವನದೊಂದೇ ಫೋಟೋ, ಸೇನೆಗೆ ಅರ್ಜಿ ಹಾಕಲು ಸ್ಟುಡಿಯೋದಲ್ಲಿ ತೆಗೆಸಿದ್ದು. ಕೋಲು ನುಂಗಿದ ಹಾಗೆ ಕೂತಿದ್ದಾನೆ. ಅದು ನನ್ನಣ್ಣನೇ ಅಲ್ಲ! ನನ್ನಣ್ಣ ಒಂದು ನಿಮಿಷ ನೆಟ್ಟಗೆ ಕೂತವನಲ್ಲ. ವಾಯುನೆಲೆಯೊಳಗೆ ಕ್ಯಾಮೆರಾ ಒಯ್ಯುವ ಹಾಗಿರಲಿಲ್ಲ, ಹಾಗಾಗಿ ಅವನು ಕೆಲಸ ಮಾಡುವಾಗ ಹೇಗಿದ್ದ, ಅವನ ವಿಮಾನದ ಪಕ್ಕ ಹೇಗೆ ನಿಂತಿರುತ್ತಿದ್ದ ಎಂಬುದನ್ನು ನಾವ್ಯಾರೂ ನೋಡಲಿಲ್ಲ. ಅದೊಂದನ್ನು ನೋಡಬೇಕು. ಒಂದೇ ಒಂದು ಸಲ. ಗುಂಪು ಸೇರಿದ್ದೇ ಅದಕ್ಕೆ, ಆದರೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಹಾಗಾದರೆ ಬಂದ ಫೋಟೋಗಳಲ್ಲಿದ್ದವರನ್ನೆಲ್ಲ ಯಾಕೆ ಕತ್ತರಿಸಿದೆಯಮ್ಮ ಎಂದು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ಮೊದಮೊದಲು ಪ್ರತಿ ಫೋಟೋದ ಪ್ರತಿ ಮುಖವನ್ನೂ ದೊಡ್ಡದು ಮಾಡಿ ನೋಡುತ್ತಿದ್ದೆ. ಅವನಲ್ಲ. ಇವನೂ ಅಲ್ಲ. ಅವರ ಹಿಂದಿರುವವನೂ ಅಲ್ಲ. ಎರಡು ವರ್ಷ ಹೀಗೆ ನೋಡಿ ನೋಡಿ, ಪ್ರತಿ ಸಲವೂ ಅವನು ಹೊಸದಾಗಿ ಸತ್ತ ಹಾಗಾಗಿ, ಕೊನೆಗೆ ಸಾಕಪ್ಪ ಎನಿಸಿತು. ಆಮೇಲೆ ಮುಖಗಳತ್ತ ಕಣ್ಣೇ ಹಾಯಿಸದೆ ಮೊದಲು ಜನರನ್ನು ಕತ್ತರಿಸಿಬಿಟ್ಟು ಉಳಿದ ವಿಮಾನವನ್ನು ನೋಡುವುದು ಕಲಿತೆ. ವಿಮಾನ ನೋಡಿದರೆ ಹೊಟ್ಟೆ ಉರಿಯುವುದಿಲ್ಲ.

ಹೋದ ಚಳಿಗಾಲದ ಒಂದು ಭಾನುವಾರ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಗುಂಪಿನ ಕೂಟವಿತ್ತು. ಟೀವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಸಂಗ್ರಹದ ಫೋಟೋಗಳನ್ನು ಒಂದೊಂದಾಗಿ ತೋರಿಸುವುದು, ಸಮೋಸಾ ತಿನ್ನುತ್ತ ಜಗಳವಾಡುವುದು. ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುವ ಮಂಡ್ಯದ ಪ್ರೊಫೆಸರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ, ನನ್ನನ್ನು ಬಾಯಿತುಂಬ ಅಕ್ಕಾ ಎನ್ನುತ್ತಾರೆ. ಅವತ್ತು ಅವರು ತಮ್ಮ ಸೋದರಮಾವನನ್ನು ಕರೆತಂದಿದ್ದರು. ಎಂಬತ್ತರ ಹತ್ತಿರದ ಮುದುಕರು, ವಿಮಾನಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡು ಬಂದಿದ್ದರು. ನಮ್ಮ ಚರ್ಚೆಗೆ ಅವರು ಕಿವಿಯನ್ನೂ ಕೊಡಲಿಲ್ಲ. ಸಮೋಸಾದ ಆಲೂಗಡ್ಡೆಯನ್ನು ಬಿಡಿಸಿ ಪಕ್ಕಕ್ಕಿಟ್ಟು ಬರೀ ಹೊದಿಕೆ ತಿನ್ನುತ್ತಿದ್ದರು.

ಒಂದು ನ್ಯಾಟ್ ವಿಮಾನದ ಫೋಟೋ ಬಂದಾಗ ಎದ್ದು ನಿಂತರು. ಟೀವಿಯ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟರು.

"ಇದು ನಾನು."

ಫೋಟೋದಲ್ಲಿ ವಿಮಾನ ಬಿಟ್ಟರೆ ನರಪಿಳ್ಳೆ ಇರಲಿಲ್ಲ. "ಎಲ್ಲಿ ಸರ್?" ಎಂದೆ.

"ನೆರಳು ಕಣಮ್ಮ. ಎಡಗಡೆಯಿಂದ ನೆಲದ ಮೇಲೆ ಮೂರು ನೆರಳು ಬಂದಿಲ್ವಾ? ಉದ್ದಕ್ಕಿರೋದು ನಾನು. ಈ ನಂಬರಿನ ಗಾಡೀನ ನಾನು ಮರೀತೀನಾ? ನಮ್ಮದೇ ಇದು. ನೆರಳು ಇಲ್ಲೇ ಅದೆ, ನಾನೆಲ್ಲಿ ಹೋದೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಪ್ರೊಫೆಸರು, "ಮಾವ, ನಮ್ಮಕ್ಕ ನಿಮ್ಮನ್ನ ಕತ್ತರಿಸಿ ಬಿಸಾಕಿದ್ದಾರೆ," ಎಂದರು.

"ಯಾಕಮ್ಮ? ನಾನೇನು ಮಾಡಿದ್ದೆ ನಿಂಗೆ?"

"ನಂಬರು ಕಾಣಬೇಕಲ್ಲ ಸರ್," ಎಂದೆ, ಕಚೇರಿಯ ದನಿಯಲ್ಲಿ.

"ಕಾಣ್ತಿತ್ತು. ನಂಬರು ಕಾಣಲಿ ಅಂತಲೇ ನಾವು ಪಕ್ಕಕ್ಕೆ ಸರಿದು ನಿಂತಿದ್ವಿ."

ಮುದುಕರು ಅಲ್ಲೇ ನಿಂತು ಹೇಳತೊಡಗಿದರು. ಆ ವಿಮಾನದ ಪೈಲಟ್ ಸಾಹೇಬರು ಒಳ್ಳೆಯವರಂತೆ. ಅಪ್ಪಣೆ ಪಡೆದು ಒಂದು ದಿನ ಕ್ಯಾಮೆರಾ ತಂದು, ನನ್ನ ಗಾಡಿಯದೊಂದು ಫೋಟೋ ತೆಗೆದಿಡಿ, ಬೇಕಾದರೆ ನೀವೂ ನಿಲ್ಲಿ ಎಂದು ಹುಡುಗರ ಕೈಗೆ ಕೊಟ್ಟು ಹೋದರಂತೆ. "ನಾವು ನಾಲ್ಕು ಜನ ಇದ್ವಿ ಅವತ್ತು. ನಾನು, ಇನ್ನಿಬ್ಬರು ಉತ್ತರದೋರು, ಆಮೇಲೆ ಡೆಲ್ಲಿ. ಡೆಲ್ಲಿ ಅಂತ ಒಬ್ಬ ಹುಡುಗ. ಮನೆಮಾತು ಕನ್ನಡ, ಬೆಳೆದದ್ದೆಲ್ಲ ಇಲ್ಲೇ ಸರೋಜಿನಿ ನಗರ. ನಂಗೆ ಕನ್ನಡ ಮಾತಾಡೋಕೆ ಅವನೊಬ್ಬನೇ ದಿಕ್ಕು. ಯಾವಾಗ ನೋಡಿದ್ರೂ ಕೈಗೊಂದು ಒದ್ದೆ ಕರ್ಚೀಫು ಸುತ್ತಿಕೊಂಡಿರೋನು."

ಕೈಲಿದ್ದ ರಿಮೋಟ್ ಜಾರಿ ಬಿತ್ತು, ಅದನ್ನು ಎತ್ತಿಕೊಳ್ಳಲೂ ಆಗಲಿಲ್ಲ. "ಅದು ನಮ್ಮಣ್ಣ," ಎಂದೆ. ಎಂಟು ವರ್ಷದಲ್ಲಿ ಮೊದಲ ಸಲ ಗುಂಪಿನವರೆದುರು ಹೇಳಿದ ಮಾತು.

ಆಮೇಲೆ ಅಲ್ಲಿ ಏನೇನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ತಲೆಯಲ್ಲಿ ಒಂದೇ ಕೊರೆಯುತ್ತಿತ್ತು. ಬಂದಿದ್ದ. ಅಣ್ಣ ನನ್ನ ಕಂಪ್ಯೂಟರಿನೊಳಕ್ಕೇ ಬಂದಿದ್ದ, ನಾನು ಮುಖ ನೋಡದೆ ಕತ್ತರಿಸಿ ಅಳಿಸಿದ್ದೆ. ನೆರಳು ಮೂರೇ ಇದ್ದವು, ಇನ್ನೊಬ್ಬ ಯಾರದೋ ಹಿಂದೆ ನಿಂತಿರಬೇಕು ಎಂದುಕೊಂಡೆ. ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು, "ಅಮ್ಮಾ, ಪ್ಲೀಸ್ ರೋನಾ ಮತ್, ಓರಿಜಿನಲ್ ಫೋಟೋ ಎಲ್ಲಾದ್ರೂ ಇರ್ತದೆ ನಾ?" ಎಂದಳು. ಅಳಬೇಡ ಎನ್ನುವುದಕ್ಕೂ ಹಿಂದಿ. ಅವಳ ಅರೆಬರೆ ಕನ್ನಡಕ್ಕೆ ಸದಾ ಸಿಡುಕುವ ನಾನು ಅವತ್ತು ಅವಳನ್ನು ತಬ್ಬಿಕೊಂಡೆ.

ಫೋಟೋ ಕಳಿಸಿದ್ದು ಆ ಪೈಲಟ್ ಸಾಹೇಬರೇ, ನೋಯ್ಡಾದಲ್ಲಿದ್ದವರು. ಸೋಮವಾರ ಬೆಳಗಾಗುತ್ತಲೇ ಫೋನು ಹಚ್ಚಿದೆ. ಸೊಸೆ ಎತ್ತಿದಳು. ಸಾಹೇಬರು ತೀರಿಕೊಂಡು ವರ್ಷದ ಮೇಲಾಗಿತ್ತು. ಆಲ್ಬಮ್ಮುಗಳು? ಮನೆಗೆ ಬಣ್ಣ ಹೊಡೆಸುವಾಗ ಗೆದ್ದಲು ಹಿಡಿದಿದ್ದನ್ನೆಲ್ಲ ಗುಜರಿಯ ಕಬಾಡಿಯವನಿಗೆ ಹಾಕಿದ್ದಾಯಿತಂತೆ. ಪಾಪ, ಅವಳಿಗೇನು ಗೊತ್ತು. ಫೋನಿಟ್ಟು ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈದಾದ ಮೇಲೆ, ಅವಳು ಕಬಾಡಿಗೆ ಹಾಕಿದ್ದು ಗೆದ್ದಲು ತಿಂದದ್ದನ್ನು, ನಾನು ಹಾಕಿದ್ದು ಚೆನ್ನಾಗಿದ್ದದ್ದನ್ನು ಎಂದು ಹೊಳೆದು ಸುಮ್ಮನಾದೆ.

ಉಳಿದದ್ದು ಓಖ್ಲಾದ ಪ್ರೆಸ್ಸು. ಅದರ ಮಾಲೀಕರು ಪಂಜಾಬಿ, ಗುಂಪು ಕಟ್ಟಿದವರೇ ಅವರು. ನನ್ನ ದನಿ ಕೇಳಿಯೇ ಅವರಿಗೆ ವಿಷಯ ಅರ್ಥವಾಯಿತು. "ದೀದಿ, ಛಾಪಖಾನೇ ವಾಲಾ ಕುಛ್ ನಹೀ ಫೇಂಕ್ತಾ, ಆ ಜಾಓ," ಎಂದರು. ಪ್ರೆಸ್ಸಿನವನು ಏನನ್ನೂ ಎಸೆಯುವುದಿಲ್ಲ, ಬನ್ನಿ. ಎಸೆದಿರಲಿಲ್ಲ ನಿಜ. ಆದರೆ ಜೋಡಿಸಿಯೂ ಇರಲಿಲ್ಲ ಪುಣ್ಯಾತ್ಮ. ಬಿಸ್ಕತ್ತಿನ ಡಬ್ಬಗಳ ತುಂಬ ಸೀಡಿಗಳು, ಒಂದರ ಮೇಲೂ ಬರಹವಿಲ್ಲ. ಮದುವೆ ಕಾರ್ಡು, ಬಟ್ಟೆ ಫ್ಯಾಕ್ಟರಿಯ ಲೇಬಲ್ಲು, ಔಷಧದ ಚೀಟಿ, ಇವುಗಳ ಮಧ್ಯೆ ನಮ್ಮ ವಿಮಾನಗಳು. ಮೂರು ದಿನ ಮೆಟ್ರೋ ಹತ್ತಿ ಹೋದೆ. ಹೊರಗೆ ಹೊಗೆಮಂಜು, ಒಳಗೆ ದಡಬಡ ಮಷೀನುಗಳು, ಶಾಯಿಯ ಘಾಟು. ಒಂದೊಂದೇ ಸೀಡಿ ಹಾಕಿ ತೆಗೆದು ನನ್ನ ಬೆರಳ ತುದಿಗಳು ಮರಗಟ್ಟಿದವು. ಎಂಟು ವರ್ಷದ ನನ್ನ ಕತ್ತರಿಗೆ ಸಿಕ್ಕವರೆಲ್ಲ ಅಲ್ಲಿದ್ದರು. ಸೊಂಟಕ್ಕೆ ಕೈಯಿಟ್ಟ ಚಿಕ್ಕಪ್ಪಂದಿರು, ಪಿಕ್ನಿಕ್ಕಿನ ಹೆಂಡಿರು ಮಕ್ಕಳು. ಈಗ ಎಲ್ಲರ ಮುಖವನ್ನೂ ನೋಡಿದೆ.

ಮೂರನೇ ದಿನ ಮಧ್ಯಾಹ್ನ ಅದು ಸಿಕ್ಕಿತು. ಆ ಹಳೇ ಕಂಪ್ಯೂಟರಿನಲ್ಲಿ ಚಿತ್ರ ಒಂದೇ ಸಲ ತೆರೆಯುವುದಿಲ್ಲ, ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತದೆ. ಮೊದಲು ಆಕಾಶ. ಆಮೇಲೆ ಬಾಲದ ತುದಿ. ಎಡಕ್ಕೆ ಒಂದು ತಲೆ, ಎರಡು, ಮೂರು. ನಾನು ಕುರ್ಚಿಯ ತುದಿಗೆ ಬಂದು, ಬಾ ಬಾ ಎಂದು ಬಾಯಿಬಿಟ್ಟೇ ಕರೆಯುತ್ತಿದ್ದೆ. ಮೂರು ಜನ ಯುವಕರು ಪೂರ್ತಿ ಇಳಿದರು. ಎತ್ತರದವರು ನಮ್ಮ ಮುದುಕರು, ಗುರುತು ಹತ್ತಿತು. ಉಳಿದಿಬ್ಬರನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ದೊಡ್ಡದು ಮಾಡಿ ನೋಡಿದೆ. ಅವರ ಹಿಂದೆ ಯಾರೂ ಇರಲಿಲ್ಲ.

ಅಣ್ಣ ಇರಲಿಲ್ಲ.

ಆಗ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮುದುಕರ ಮೇಲೆ, ಅವರನ್ನು ಕರೆತಂದ ಪ್ರೊಫೆಸರ ಮೇಲೆ, ಸಮೋಸಾದ ಮೇಲೂ. ಪ್ರೆಸ್ಸಿನ ಮಾಲೀಕರು ಚಹಾ ತರಿಸಿಕೊಟ್ಟು, ಆ ಫೋಟೋವನ್ನು ಒಳ್ಳೇ ದಪ್ಪ ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಕೊಟ್ಟರು. ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಟೋ ಹತ್ತಿ ನೇರ ಪ್ರೊಫೆಸರ ಕ್ಯಾಂಪಸ್ ಮನೆಗೆ ಹೋದೆ. ಮುದುಕರು ಬಾಲ್ಕನಿಯ ಬಿಸಿಲಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಕಾಗದವನ್ನು ಅವರ ತೊಡೆಯ ಮೇಲೆ ಬಿಡಿಸಿದೆ.

"ನಾಲ್ಕು ಜನ ಅಂದ್ರಲ್ಲ ಸರ್. ಎಲ್ಲಿ ನಾಲ್ಕು? ಸುಮ್ನೆ ಯಾಕೆ ಆಸೆ ಹುಟ್ಟಿಸಿದ್ರಿ ನಂಗೆ?"

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. ಆಮೇಲೆ ಫೋಟೋದ ಕೆಳ ಅಂಚಿನ ಬಲಮೂಲೆಗೆ ಬೆರಳಿಟ್ಟರು.

"ಇದ್ದಾನಲ್ಲಮ್ಮ ಇಲ್ಲಿ. ಕ್ಯಾಮೆರಾ ಹಿಡಿದೋನು ಫೋಟೋದಲ್ಲಿ ಹೆಂಗೆ ಬರ್ತಾನೆ?"

ಅಲ್ಲಿ ನೆಲದ ಮೇಲೆ ನಾಲ್ಕನೆಯ ನೆರಳು. ಒಂದು ತಲೆ, ಎರಡೂ ಕಡೆಗೆ ಚಾಚಿದ ಮೊಣಕೈ. ಸಂಜೆಯ ಬಿಸಿಲಿಗೆ ಬೆನ್ನು ಮಾಡಿ ನಿಂತು, ಕಣ್ಣಿಗೆ ಕ್ಯಾಮೆರಾ ಹಿಡಿದವನ ನೆರಳು. ಫೋಟೋ ತೆಗೆಯಲು ಬರದವನು ಯಾರೋ ತನ್ನ ನೆರಳನ್ನೂ ಸೇರಿಸಿಬಿಟ್ಟಿದ್ದಾನೆ ಎಂದು ಅವತ್ತು ಕೆಳಗಿನ ಅಂಚನ್ನೂ ನಾನೇ ಕತ್ತರಿಸಿದ್ದೆ.

ಅತ್ತೆ. ಪರರ ಮನೆಯ ಬಾಲ್ಕನಿಯಲ್ಲಿ, ಕಡಲೆಕಾಯಿ ಸಿಪ್ಪೆಗಳ ನಡುವೆ, ಮೂಗು ಸೋರುವಷ್ಟು ಅತ್ತೆ. ಪ್ರೊಫೆಸರ ಹೆಂಡತಿ ಓಡಿ ಬಂದು ನೀರು ಕೊಟ್ಟರು. ಅಣ್ಣ ಹೇಗಿದ್ದ ಎಂದು ನೋಡಬೇಕಿತ್ತು ನನಗೆ. ಸಿಕ್ಕಿದ್ದು ಅವನು ಏನು ನೋಡುತ್ತಿದ್ದ ಎಂಬುದು. ಅವನ ವಿಮಾನ, ಅವನ ಮೂವರು ಗೆಳೆಯರು, ಅವರಾಚೆ ಖಾಲಿ ಆಕಾಶ. ಅವನು ನಿಂತ ಕಡೆಯೇ ನಾನೀಗ ನಿಂತು ನೋಡುತ್ತಿದ್ದೇನೆ ಎನಿಸಿ ಸ್ವಲ್ಪ ಹೊತ್ತು ಕಣ್ಣು ತೆಗೆಯಲಿಲ್ಲ.

ನೋಡುತ್ತ ನೋಡುತ್ತ ಇನ್ನೊಂದು ಕಂಡಿತು. ಆ ಮೂವರೂ ನಗುತ್ತಿದ್ದರು. ಫೋಟೋಗೆಂದು ಹಲ್ಲು ಕಿರಿದ ನಗುವಲ್ಲ. ಒಬ್ಬ ಹೊಟ್ಟೆ ಹಿಡಿದುಕೊಂಡಿದ್ದಾನೆ, ಇನ್ನೊಬ್ಬನ ಕಣ್ಣು ಮುಚ್ಚಿಹೋಗಿದೆ, ನಮ್ಮ ಮುದುಕರು ತಲೆ ಹಿಂದಕ್ಕೆ ಹಾಕಿ ಬಾಯಿ ಅಗಲ ತೆರೆದಿದ್ದಾರೆ. ಮೂವರೂ ನೋಡುತ್ತಿರುವುದು ಕ್ಯಾಮೆರಾ ಹಿಡಿದವನನ್ನು.

"ಸರ್, ಏನೋ ಹೇಳಿ ನಗಿಸಿದ್ದಾನೆ ಅವನು. ಏನಂದ?"

ಮುದುಕರು ಮತ್ತೆ ನೋಡಿದರು. ಅವರ ಮುಖದಲ್ಲೂ ಆ ನಗು ಏಳತೊಡಗಿತು, ಹೆಗಲು ಕುಲುಕಿತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಅವರತ್ತ ಬಾಗಿದೆ.

"ಏನೋ ಅಂದ ಕಣಮ್ಮ. ಎಷ್ಟೋ ಹೊತ್ತು ನಕ್ಕಿದ್ದು ನೆನಪದೆ. ಆಮೇಲೆ ಊಟಕ್ಕೆ ಕೂತಾಗಲೂ ಅದನ್ನೇ ಹೇಳಿಕೊಂಡು ನಕ್ಕಿದ್ದು ನೆನಪದೆ."

"ಏನಂತ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಕನ್ನಡದಲ್ಲಾ, ಹಿಂದಿಯಲ್ಲಾ? ಅದಾದರೂ?"

"ಇಲ್ಲ ತಾಯಿ. ಮರೆತುಹೋಗಿದೆ. ಅವರಿಬ್ಬರೂ ಈಗಿಲ್ಲ, ಇದ್ದಿದ್ರೆ ಕೇಳಬಹುದಿತ್ತು."

ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಕಡಲೆಕಾಯಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡೆ. "ಅವಸರ ಇಲ್ಲ ಸರ್," ಎಂದೆ, "ನೆನಪು ಮಾಡಿಕೊಳ್ಳಿ. ನಾನು ಕೂತಿರ್ತೀನಿ."